ವಿಎಲ್‌ಸಿ ತೆಗೆದರೂ ಹಳೇ ಸೆಟ್ಟಿಂಗ್ ಹೋಗ್ತಿಲ್ವಾ?

ಉಬುಂಟು ಅನ್ನೋ ಲಿನಕ್ಸ್ ಸಿಸ್ಟಮ್‌ನಲ್ಲಿ ವಿಎಲ್‌ಸಿ ವಿಡಿಯೋ ಪ್ಲೇಯರನ್ನು ಟರ್ಮಿನಲ್‌ನಲ್ಲಿ ‘ಸುಡೊ ಆಪ್ಟ್ ರಿಮೂವ್ ವಿಎಲ್‌ಸಿ’ ಕೊಟ್ಟು ತೆಗೆದು ಮತ್ತೆ ಹಾಕಿದರೂ ಹಳೇ ಸೆಟ್ಟಿಂಗೇ ಬರ್ತಿದೆ ಅಂತ ಕೇಳಿದ್ದೀರಿ ಅಲ್ವಾ? ಅದು ಹಾಗೇ ಆಗೋದು. ರಿಮೂವ್ ಪ್ರೋಗ್ರಾಮನ್ನು ಮಾತ್ರ ತೆಗೆಯುತ್ತದೆ. ಅದರ ಬದಲು ಪರ್ಜ್ ಕೊಟ್ಟರೆ ಸಿಸ್ಟಮ್ ಕಡೆಯ ಕಾನ್ಫಿಗರೇಶನ್ ಫೈಲ್‌ಗಳೂ ಹೋಗುತ್ತವೆ, ಆದರೆ ನಿಮ್ಮ ಹೋಮ್ ಫೋಲ್ಡರನ್ನು ಎರಡೂ ಮುಟ್ಟುವುದಿಲ್ಲ, ವಿಎಲ್‌ಸಿ ನಿಮ್ಮ ಸೆಟ್ಟಿಂಗ್ ಇಟ್ಟಿರೋದು ಅಲ್ಲೇ. ವಿಎಲ್‌ಸಿ ಮುಚ್ಚಿ, ಫೈಲ್ ಮ್ಯಾನೇಜರ್‌ನಲ್ಲಿ ಹೋಮ್ ತೆರೆದು ಕಂಟ್ರೋಲ್ ಎಚ್ ಒತ್ತಿ. ಚುಕ್ಕಿಯಿಂದ ಶುರುವಾಗುವ ಕಾನ್ಫಿಗ್ ಫೋಲ್ಡರ್ ಕಾಣುತ್ತದೆ. ಅದರೊಳಗಿನ ವಿಎಲ್‌ಸಿ ಫೋಲ್ಡರ್ ಒಂದನ್ನೇ ಅಳಿಸಿ, ಬೇರೆಯದಕ್ಕೆ ಸುಮ್ನೆ ಕೈ ಹಾಕಬೇಡಿ. ವಿಎಲ್‌ಸಿ ಜೊತೆಗೆ ಬಂದಿದ್ದ ಲೈಬ್ರರಿಗಳನ್ನು (ಅದಕ್ಕೆ ಬೇಕಿದ್ದ ಸಹಾಯಕ ಫೈಲ್‌ಗಳು) ತೆಗೆಯಲು ‘ಸುಡೊ ಆಪ್ಟ್ ಆಟೊರಿಮೂವ್’ ಸಾಕು, ಆದರೆ ವೈ ಒತ್ತುವ ಮುಂಚೆ ಏನೇನು ಹೋಗುತ್ತೆ ಅನ್ನೋ ಪಟ್ಟಿಯನ್ನು ತಪ್ಪದೆ ಓದಿ. ಸ್ನ್ಯಾಪ್‌ನಿಂದ (ಉಬುಂಟುನಲ್ಲಿ ಪ್ರೋಗ್ರಾಮ್ ಹಾಕುವ ಇನ್ನೊಂದು ವಿಧಾನ) ಹಾಕಿದ್ದರೆ ಆಪ್ಟ್‌ಗೆ ಅದರ ಸುದ್ದಿಯೇ ಗೊತ್ತಿರಲ್ಲ, ‘ಸುಡೊ ಸ್ನ್ಯಾಪ್ ರಿಮೂವ್ ವಿಎಲ್‌ಸಿ’ ಕೊಡಿ.