ಕಾರು ನಿಂತ ಜಾಗದಿಂದಲೇ ಬರೆಯಿರಿ

ಆತ್ಮೀಯರೇ,

ಬೀದಿಯಲ್ಲಿ ನಿಂತ ಹಳೇ ಕಾರುಗಳ ಬಗ್ಗೆ ನೀವು ಬರೆದ 'ಬೀದಿಬದಿಯ ರಾಣಿಯರು' ಲೇಖನ, ಜೊತೆಗೆ ಕಳಿಸಿದ ಚಿತ್ರಗಳು, ಎರಡೂ ತಲುಪಿದವು. ಲೇಖನ ಪೂರ್ತಿ ಓದಿದೆ. ಚಿತ್ರಗಳನ್ನು ದೊಡ್ಡದು ಮಾಡಿ ಮೂಲೆ ಮೂಲೆ ನೋಡಿದೆ. ನೇರವಾಗಿ ಹೇಳುತ್ತೇನೆ: ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ. ಅದು ಎಲ್ಲಿದೆ ಅಂತ ತೋರಿಸುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾಲ್ಕನೇ ಪುಟದಲ್ಲಿ ಮೋರಿಸ್ ಮೈನರ್ ಟ್ರಾವೆಲರ್ ಅನ್ನುವ ಹಳೇ ಬ್ರಿಟಿಷ್ ಕಾರಿನ ಬಗ್ಗೆ ಮೂರು ಸಾಲು ಬರೆದಿದ್ದೀರಿ. ಹಿಂಭಾಗದ ಮರದ ಚೌಕಟ್ಟು, ಪಕ್ಕದ ಗಾಜು ಜಾರುವ ಸಂದು, ಆ ಸಂದಿನಲ್ಲಿ ಬೆಳೆದ ಪಾಚಿ. 'ಹಸಿರು ದಾರದಲ್ಲಿ ಹೊಲಿಗೆ ಹಾಕಿದ ಹಾಗೆ' ಅಂದಿದ್ದೀರಿ. ನೀವು ಕಾರಿನ ಹತ್ತಿರ ಹೋಗಿ, ಬಗ್ಗಿ ನೋಡಿದ್ದೀರಿ ಅಂತ ಅಲ್ಲಿ ನನಗೆ ನಂಬಿಕೆ ಬಂತು. ಬೇರೆ ಯಾರೂ ಬರೆಯಲಾಗದ ಸಾಲು ಅದು. ಆಮೇಲೆ ತಕ್ಷಣ ಮುಂದಿನ ಕಾರಿಗೆ ಓಡಿಬಿಟ್ಟಿದ್ದೀರಿ!

ಅಲ್ಲೇ ನಿಲ್ಲಬೇಕಿತ್ತು. ಯಾಕೆಂದರೆ ಟ್ರಾವೆಲರ್‌ನ ಆ ಮರ ಅಂದಕ್ಕೆ ಅಂಟಿಸಿದ್ದಲ್ಲ. ಅದು ಆಶ್ ಮರದ ಚೌಕಟ್ಟು. ಕಾರಿನ ಹಿಂಭಾಗದ ಭಾರ ಹೊರುವುದೇ ಅದು. ಮರ ಕೊಳೆತರೆ ಕಾರಿನ ಬೆನ್ನು ಮುರಿದಂತೆ. ಬ್ರಿಟನ್ನಿನ ವಾಹನ ತಪಾಸಣೆಗೆ ಒಯ್ದರೆ ಅಂಥ ಕಾರು ಪಾಸ್ ಆಗುವುದಿಲ್ಲ. ಪಾಚಿ ಬೆಳೆದಿದೆ ಅಂದರೆ ಆ ಸಂದಿನಲ್ಲಿ ನೀರು ನಿಲ್ಲುತ್ತಿದೆ, ಮರ ಒಣಗುತ್ತಿಲ್ಲ ಅಂತ. ನೀವು ಚೆಂದ ಅಂತ ಕಂಡದ್ದು ಆ ಕಾರಿಗೆ ಅಪಾಯ. ಈ ಎರಡನ್ನೂ ಒಟ್ಟಿಗೆ ಹೇಳಿದ್ದರೆ ಓದುಗರು ಉಸಿರು ಬಿಗಿಹಿಡಿದು ಓದುತ್ತಿದ್ದರು. ಯಾರದ್ದು ಈ ಕಾರು, ಅವರಿಗೆ ಗೊತ್ತಿದೆಯಾ, ಇನ್ನೆಷ್ಟು ಮಳೆಗಾಲ ಇದು ತಡೆದೀತು ಅಂತ ಕೇಳುತ್ತಿದ್ದರು. ಲೇಖನ ಶುರುವಾಗಬೇಕಾದ್ದು ಇಲ್ಲಿ.

ಈಗ ಮೊದಲ ಮೂರು ಪುಟಕ್ಕೆ ಬರೋಣ. ಅವು ಬೇಡ. ಫೋಕ್ಸ್‌ವ್ಯಾಗನ್ ಬೀಟಲ್ ಒಟ್ಟು 2,15,29,464 ತಯಾರಾದವು, ಕೊನೆಯದು 2003ರ ಜುಲೈನಲ್ಲಿ ಮೆಕ್ಸಿಕೋದ ಪುಯೆಬ್ಲಾ ಕಾರ್ಖಾನೆಯಿಂದ ಹೊರಬಂತು ಅಂತ ಬರೆದಿದ್ದೀರಿ. ಸರಿಯಾಗೇ ಇದೆ. ಆದರೆ ನಿಮ್ಮ ಬೀದಿಯಲ್ಲಿ ನಿಂತ ಬೀಟಲ್‌ಗೂ ಈ ಅಂಕಿಗೂ ಏನು ಸಂಬಂಧ? ಇದನ್ನು ಮನೆಯಲ್ಲೇ ಕೂತು ಯಾರು ಬೇಕಾದರೂ ಬರೆಯಬಹುದು, ಅಲ್ವಾ? ಮಾಹಿತಿಯೇ ಬೇಡ ಅಂತ ನಾನು ಹೇಳುತ್ತಿಲ್ಲ. ನನಗೂ ಇಂಥ ವಿವರ ಅಂದರೆ ಪ್ರಾಣ. ಕಣ್ಣಿಗೆ ಕಾಣುವ ಒಂದು ಗುರುತಿಗೆ ಅಂಟಿಕೊಂಡು ಬರುವ ಮಾಹಿತಿ ಬೇಕು ಅಂತ ಹೇಳುತ್ತಿದ್ದೇನೆ.

ಉದಾಹರಣೆಗೆ ಅದೇ ಮೈನರ್‌ನ ಬಾನೆಟ್ ನೋಡಿ. ನಡುವೆ ಉದ್ದಕ್ಕೆ ಒಂದು ಚಪ್ಪಟೆ ಪಟ್ಟಿ ಹಾದುಹೋಗಿದೆ. ನಿಮ್ಮ ಚಿತ್ರದಲ್ಲೂ ಚೆನ್ನಾಗಿ ಕಾಣುತ್ತದೆ. ಅದು ಯಾಕಿದೆ ಗೊತ್ತಾ? ಕಾರು ಮಾರುಕಟ್ಟೆಗೆ ಬರುವ ಮುಂಚೆ ವಿನ್ಯಾಸಕಾರ ಅಲೆಕ್ ಇಸಿಗೋನಿಸ್‌ಗೆ ಅದರ ಅಗಲ ಕಡಿಮೆ ಅನ್ನಿಸಿತು. ಮಾದರಿ ಕಾರನ್ನು ಉದ್ದಕ್ಕೆ ಎರಡು ಹೋಳು ಮಾಡಿಸಿದರು. ಹೋಳುಗಳನ್ನು ಅತ್ತಿತ್ತ ಸರಿಸಿ ನೋಡಿ, 4 ಇಂಚು ಅಗಲ ಮಾಡಿದರು. ಬಾನೆಟ್‌ಗೆ ಆ ಪಟ್ಟಿ ಸೇರಿಕೊಂಡದ್ದು ಹಾಗೆ. ಬಂಪರ್‌ಗಳು ಅಷ್ಟರಲ್ಲಾಗಲೇ ತಯಾರಾಗಿದ್ದವು. ಅದಕ್ಕೆ 1948ರ ಮೊದಮೊದಲ ಕಾರುಗಳಲ್ಲಿ ಬಂಪರನ್ನು ನಡುವೆ ಕತ್ತರಿಸಿ, ತುಂಡು ಸೇರಿಸಿ ಹಾಕಿದರು. ಬೀದಿಯಲ್ಲಿ ನಿಂತವರು ಬೆರಳು ತೋರಿಸಿ ಹೇಳಬಹುದಾದ ಕಥೆ ಇದು. ಓದಿದವರು ಇನ್ನೊಂದು ಮೈನರ್ ಕಂಡಾಗ ಮೊದಲು ಬಾನೆಟ್ ನೋಡುತ್ತಾರೆ. ಬೀಟಲ್‌ನ ಎರಡು ಕೋಟಿ ಅಂಕಿ ಓದಿದವರು ಏನು ನೋಡಬೇಕು ಹೇಳಿ?

ಬೀಟಲ್ ವಿಷಯದಲ್ಲಿ ಒಂದು ತಪ್ಪೂ ಇದೆ. ನೀಲಿ ಬೀಟಲ್ ಚಿತ್ರದ ಕೆಳಗೆ '1950ರ ಮಾಡೆಲ್' ಅಂತ ಹಾಕಿದ್ದೀರಿ. ಅದು ಸಾಧ್ಯವಿಲ್ಲ. 1953ರ ಆರಂಭದವರೆಗೂ ಬೀಟಲ್‌ನ ಹಿಂದಿನ ಗಾಜು ನಡುವೆ ಕಂಬಿ ಇದ್ದು ಎರಡು ಭಾಗವಾಗಿತ್ತು. ಆಮೇಲೆ 1957ರವರೆಗೆ ಮೊಟ್ಟೆಯಾಕಾರದ ಒಂದೇ ಗಾಜು. ದೊಡ್ಡ ಚೌಕ ಗಾಜು ಬಂದದ್ದು ಅದರ ನಂತರ. ನಿಮ್ಮ ಚಿತ್ರದಲ್ಲಿರುವುದು ದೊಡ್ಡ ಗಾಜು. ಹೆಡ್‌ಲೈಟ್ ಬೇರೆ ನೆಟ್ಟಗೆ ನಿಂತಿದೆ, ಮಡ್‌ಗಾರ್ಡ್‌ನ ಇಳಿಜಾರಿಗೆ ಹೊಂದಿಕೊಂಡು ಒರಗಿಲ್ಲ. ಅದು ಅರವತ್ತರ ದಶಕದ ಕೊನೆಯಿಂದ ಈಚೆಯ ಗುರುತು. ಅಲ್ಲಿಗೂ ವರ್ಷವನ್ನು ಗಟ್ಟಿಯಾಗಿ ಹೇಳಬೇಡಿ. ಹಳೇ ಕಾರುಗಳಿಗೆ ಬಾಗಿಲು ಒಂದು ವರ್ಷದ್ದು, ಮಡ್‌ಗಾರ್ಡ್ ಇನ್ನೊಂದು ವರ್ಷದ್ದು ಬಂದು ಸೇರಿರುತ್ತದೆ. ಎರಡು ಮೂರು ಗುರುತು ತಾಳೆಯಾದರೆ 'ಅರವತ್ತರ ದಶಕದ ಕೊನೆಯದ್ದು ಇರಬೇಕು' ಅನ್ನಿ, ಸಾಕು. ತಪ್ಪು ವರ್ಷ ಒಂದು ಕಂಡರೆ, ಈ ವಿಷಯ ಬಲ್ಲ ಓದುಗರು ಮುಂದಿನ ಸಾಲುಗಳನ್ನೂ ಅನುಮಾನದಿಂದಲೇ ಓದುತ್ತಾರೆ.

ಸಿಟ್ರೊಯೆನ್ ಡಿಎಸ್ ಅನ್ನುವ ಫ್ರೆಂಚ್ ಕಾರಿನ ಬಗ್ಗೆ ಬರೆದ ಪ್ಯಾರಾ ಓದಿ ನನಗೆ ಬೇಜಾರಾಯಿತು. 'ಸಸ್ಪೆನ್ಷನ್ ಸತ್ತು, ನೆಲಕ್ಕೆ ಕುಸಿದ ಅನಾಥೆ' ಅಂದಿದ್ದೀರಿ. ಆ ಕಾರಿಗೆ ಏನೂ ಆಗಿಲ್ಲ! 1955ರಲ್ಲಿ ಪ್ಯಾರಿಸ್ ಮೋಟಾರ್ ಪ್ರದರ್ಶನದಲ್ಲಿ ಬಂದ ಡಿಎಸ್‌ಗೆ ಮಾಮೂಲಿ ಸ್ಪ್ರಿಂಗ್ ಇಲ್ಲ. ಗ್ಯಾಸು ಮತ್ತು ಎಣ್ಣೆಯ ಒತ್ತಡದ ಮೇಲೆ ಕಾರು ನಿಲ್ಲುತ್ತದೆ. ಎಂಜಿನ್ ಆಫ್ ಮಾಡಿ ಬಿಟ್ಟರೆ ಒತ್ತಡ ಮೆಲ್ಲಗೆ ಇಳಿದು, ಕಾರು ತಾನಾಗಿ ತಗ್ಗುತ್ತದೆ. ಮತ್ತೆ ಸ್ಟಾರ್ಟ್ ಮಾಡಿದರೆ ಏಳುತ್ತದೆ. ಹಾಗೆ ತಗ್ಗಿ ನಿಂತಿದೆ ಅಂದರೆ ಅದನ್ನು ನಿಲ್ಲಿಸಿ ಸ್ವಲ್ಪ ಹೊತ್ತಾಗಿದೆ ಅಂತ ಅಷ್ಟೇ. ನೀವು ಅಲ್ಲೇ ಕಾದು, ಮಾಲೀಕರು ಬಂದು ಸ್ಟಾರ್ಟ್ ಮಾಡುವುದನ್ನು ನೋಡಿದ್ದರೆ ಎಂಥ ದೃಶ್ಯ ಸಿಗುತ್ತಿತ್ತು! ಒಂದು ವಸ್ತುವಿನ ಬಗ್ಗೆ ಮರುಕ ಹುಟ್ಟಿದಾಗ, ಅದು ನಿಜಕ್ಕೂ ಕಷ್ಟದಲ್ಲಿದೆಯಾ ಅಂತ ಮೊದಲು ವಿಚಾರಿಸಿಕೊಳ್ಳಿ.

ನಿಂತ ಕಾರು ತನ್ನ ಬಗ್ಗೆ ತುಂಬ ಹೇಳುತ್ತದೆ. ನೀವು ಮಾಡೆಲ್ ಹೆಸರು ಬರೆದುಕೊಂಡು ಹೊರಟುಬಿಡುತ್ತೀರಿ. ಟೈರ್ ಪಕ್ಕದಲ್ಲಿ ಸಣ್ಣ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತದೆ. '2309' ಅಂತಿದ್ದರೆ ಆ ಟೈರು 2009ರ 23ನೇ ವಾರದಲ್ಲಿ ತಯಾರಾದದ್ದು. ಈ ಪದ್ಧತಿ ಬಂದದ್ದು 2000ದಲ್ಲಿ. ಅಷ್ಟು ಹಳೇ ಟೈರ್ ಮೇಲೆ, ಬದಿಯಲ್ಲಿ ಬಿರುಕು ಬಿಟ್ಟುಕೊಂಡು ನಿಂತ ಕಾರಿಗೂ, ಹೊಸ ಟೈರ್ ಹಾಕಿಸಿಕೊಂಡ ಕಾರಿಗೂ ಮನೆಯೊಳಗಿನ ಕಥೆ ಬೇರೆ ಬೇರೆ. ಡಿಸ್ಕ್ ಬ್ರೇಕ್ ಇದ್ದರೆ ಚಕ್ರದ ಸಂದಿನಲ್ಲಿ ಇಣುಕಿ. ಮಳೆ ಬಿದ್ದು ಒಂದೆರಡು ದಿನ ಕಾರು ನಿಂತರೂ ಡಿಸ್ಕ್ ಮೇಲೆ ಕೆಂಪು ತುಕ್ಕು ಕೂರುತ್ತದೆ. ಹೊಳೆಯುತ್ತಿದ್ದರೆ ಇತ್ತೀಚೆಗೆ ಓಡಿದೆ. ಬಣ್ಣ ಒಂದೇ ಮಗ್ಗುಲಲ್ಲಿ ಮಾಸಿದೆಯಾ? ಹಾಗಿದ್ದರೆ ಅದು ವರ್ಷಗಟ್ಟಲೆ ಬಿಸಿಲಿಗೆ ಅದೇ ಮಗ್ಗುಲು ಕೊಟ್ಟು ನಿಂತಿರಬಹುದು. ಕೆಳಗೆ ಎಣ್ಣೆ ಕಲೆ ಹಸಿಯಾಗಿದೆಯಾ, ಧೂಳು ಹಿಡಿದಿದೆಯಾ? ಹಿಂದಿನ ಸೀಟಿನಲ್ಲಿ ಮಗುವಿನ ಸೀಟು ಇದೆಯಾ? ನನಗೆ ಮಾತ್ರ ಪ್ರದರ್ಶನದಲ್ಲಿ ಪಾಲಿಶ್ ಹೊಡೆದು ನಿಲ್ಲಿಸಿದ ಕಾರಿಗಿಂತ, ಮಗುವಿನ ಸೀಟು ಹಾಕಿಕೊಂಡು ದಿನಾ ಓಡುವ ಹಳೇ ವೋಲ್ವೋನೇ ಜಾಸ್ತಿ ಇಷ್ಟ. ಪ್ರದರ್ಶನದ ಕಾರಿಗೆ ಹೇಳಲು ಹೊಸದೇನೂ ಉಳಿದಿರುವುದಿಲ್ಲ.

'ಆಗಿನ ಕಾರು ಉಕ್ಕು, ಈಗಿನದು ಡಬ್ಬ' ಅನ್ನುವ ಆರನೇ ಪುಟ ಪೂರ್ತಿ ತೆಗೆದುಹಾಕಿ. ಈ ಮಾತು ಎಲ್ಲರೂ ಹೇಳುತ್ತಾರೆ, ಮತ್ತು ಅದು ಸುಳ್ಳು. 2009ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ 1959ರ ಷೆವ್ರೊಲೆ ಬೆಲ್ ಏರ್ ಮತ್ತು 2009ರ ಷೆವ್ರೊಲೆ ಮಾಲಿಬೂ ಕಾರುಗಳನ್ನು ಎದುರುಬದುರು ಡಿಕ್ಕಿ ಹೊಡೆಸಿತು. ಹಳೆಯದರ ಚಾಲಕನ ಜಾಗವೇ ನಜ್ಜುಗುಜ್ಜಾಯಿತು. ಹೊಸದರ ಒಳಭಾಗ ಹೆಚ್ಚುಕಡಿಮೆ ಹಾಗೇ ಉಳಿಯಿತು. ಹಳೇ ಕಾರನ್ನು ಪ್ರೀತಿಸುವುದಕ್ಕೆ ಅದು ಗಟ್ಟಿ ಅಂತ ನಂಬಬೇಕಾಗಿಲ್ಲ. ಅಷ್ಟು ನಾಜೂಕಾದ ವಸ್ತುವನ್ನು ಯಾರೋ ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದಾರಲ್ಲ, ಅದನ್ನು ಬರೆಯಿರಿ.

ಚಿತ್ರಗಳ ಬಗ್ಗೆ. ಹೆಚ್ಚಿನವು ನಿಂತ ಎತ್ತರದಿಂದ, ತೀರಾ ಹತ್ತಿರದಿಂದ, ಫೋನಿನ ಅಗಲ ಲೆನ್ಸ್‌ನಲ್ಲಿ ತೆಗೆದವು. ಅದಕ್ಕೇ ಎಲ್ಲ ಕಾರಿಗೂ ಮೂಗು ಊದಿ, ಹಿಂಭಾಗ ಕುಗ್ಗಿದೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ, ಎರಡು ಪಟ್ಟು ಜೂಮ್ ಹಾಕಿ, ಮೊಣಕಾಲೂರಿ ಹೆಡ್‌ಲೈಟ್ ಮಟ್ಟಕ್ಕೆ ಇಳಿಯಿರಿ. ಕಾರಿನ ನಿಜವಾದ ಆಕಾರ ಆಗ ಸಿಗುತ್ತದೆ. ಮಧ್ಯಾಹ್ನದ ಬಿಸಿಲಿಗಿಂತ ಮೋಡದ ದಿನ ವಾಸಿ. ಪೋಲರೈಸರ್ ಫಿಲ್ಟರ್ ಇದ್ದರೆ ಗಾಜಿನ ಮೇಲಿನ ಪ್ರತಿಬಿಂಬ ಕಡಿಮೆಯಾಗುತ್ತದೆ, ಆದರೆ ಕ್ರೋಮ್ ಮೇಲಿನದ್ದು ಹೋಗುವುದಿಲ್ಲ. ಆದ್ದರಿಂದ ಬಂಪರ್‌ನಲ್ಲಿ ನೀವೇ ಕಾಣುತ್ತಿದ್ದೀರಾ ಅಂತ ನೋಡಿಕೊಳ್ಳಿ. ಲ್ಯಾಂಗ್ಡನ್ ಕ್ಲೇ ಅನ್ನುವ ಛಾಯಾಗ್ರಾಹಕ 1974ರಿಂದ 1976ರವರೆಗೆ ನ್ಯೂಯಾರ್ಕ್‌ನಲ್ಲಿ ರಾತ್ರಿ ಹೊತ್ತು ನಿಂತ ಕಾರುಗಳನ್ನು ತೆಗೆದರು. ಒಂದು ಚಿತ್ರಕ್ಕೆ ಒಂದು ಕಾರು, ಹಿಂದೆ ಅಂಗಡಿಯೋ ಗೋಡೆಯೋ, ಬೀದಿದೀಪದ ಬೆಳಕು. ಆಗ ಅವು ಕ್ಲಾಸಿಕ್ ಅಲ್ಲ, ದಿನಬಳಕೆಯ ಕಾರುಗಳು, ಕೆಲವಕ್ಕೆ ತುಕ್ಕೂ ಹಿಡಿದಿತ್ತು. ಆ ಚಿತ್ರಗಳನ್ನು ಹುಡುಕಿ ನೋಡಿ. ಕಾರಿನಷ್ಟೇ ಹಿಂದಿನ ಗೋಡೆಗೂ ಅಲ್ಲಿ ಬೆಲೆಯಿದೆ. ನೀವು ಹಿನ್ನೆಲೆಯನ್ನೆಲ್ಲ ಮಸುಕು ಮಾಡಿದ್ದೀರಿ. ಹಾಗೆ ಮಾಡಿದರೆ ಬೀದಿಯೇ ಕಾಣೆಯಾಗುತ್ತದೆ.

ಇನ್ನೊಂದು ಮಾತು, ಸ್ವಲ್ಪ ಕಟುವಾಗಿಯೇ ಹೇಳಬೇಕು. ಹನ್ನೊಂದನೇ ಚಿತ್ರಕ್ಕಾಗಿ ಯಾರದೋ ಕಾರಿನ ಹೊದಿಕೆ ಎತ್ತಿದ್ದೀರಿ. ಅದನ್ನು ನೀವೇ ಖುಷಿಯಿಂದ ಬರೆದಿದ್ದೀರಿ. ಆ ಚಿತ್ರ ಎಷ್ಟೇ ಚೆನ್ನಾಗಿದ್ದರೂ ನಾನು ಹಾಕುವುದಿಲ್ಲ. ಮುಚ್ಚಿಟ್ಟದ್ದನ್ನು ಮುಚ್ಚಿದ ಹಾಗೇ ತೆಗೆಯಿರಿ. ಹೊದಿಕೆಯ ಕೆಳಗಿನ ಆಕಾರವೂ ಒಳ್ಳೆಯ ಚಿತ್ರವೇ. ಬಾಗಿಲು ಮುಟ್ಟಬೇಡಿ, ಬಾನೆಟ್‌ಗೆ ಒರಗಬೇಡಿ. ನಿಮ್ಮ ಬೆಲ್ಟಿನ ಬಕಲ್ ಒಂದು ಸಾಕು, ಬಣ್ಣಕ್ಕೆ ಗೀರು ಬೀಳಲು. ನಂಬರ್ ಪ್ಲೇಟು, ಮನೆ ಸಂಖ್ಯೆ, ಬೀದಿಯ ಹೆಸರು ಕಾಣದಂತೆ ಮಾಡಿ. ಹಳೇ ಕಾರಿನ ಬೀಗ ತೆಗೆಯುವುದು ಕಳ್ಳರಿಗೆ ದೊಡ್ಡ ಕೆಲಸವಲ್ಲ. ನಿಮ್ಮ ಲೇಖನ ಅವರಿಗೆ ವಿಳಾಸ ಆಗಬಾರದು. ಬೀದಿಯಲ್ಲಿ ಚಿತ್ರ ತೆಗೆಯುವ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಆದರೆ ಮಾಲೀಕರು ಎದುರಿಗಿದ್ದರೆ ಕೇಳಿಯೇ ತೆಗೆಯಿರಿ. ಅವರೊಡನೆ ನಾಲ್ಕು ಮಾತಾಡಿದರೆ ನಿಮ್ಮ ಬರಹಕ್ಕೆ ಬೇಕಾದ್ದೆಲ್ಲ ಅಲ್ಲೇ ಸಿಗುತ್ತದೆ. ಇಡೀ ಲೇಖನದಲ್ಲಿ ಒಬ್ಬ ಮಾಲೀಕರೂ ಬಾಯಿ ಬಿಟ್ಟಿಲ್ಲ ಅನ್ನುವುದನ್ನು ಗಮನಿಸಿದ್ದೀರಾ?

ಭಾಷೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರಾಣಿ, ಸುಂದರಿ, ಅಪ್ಸರೆ ಇವೆಲ್ಲ ಹೋಗಲಿ, ಶೀರ್ಷಿಕೆಯಲ್ಲಿರುವ ರಾಣಿಯರೂ ಸೇರಿ. 'ಕೆಂಪು ಫಿಯಟ್ 500, ಹಿಡಿಕೆ ಬಾಗಿಲಿನ ಮುಂತುದಿಯಲ್ಲಿ, ಅಂದರೆ ಬಾಗಿಲು ಹಿಂದಕ್ಕೆ ತೆರೆಯುವ 1965ಕ್ಕಿಂತ ಮುಂಚಿನ ಕಾರು' ಅಂತ ಬರೆದರೆ ಸಾಕು. ಸೌಂದರ್ಯ ಓದುಗರಿಗೇ ಕಾಣುತ್ತದೆ.

ಹೀಗೆ ಮಾಡಿ. ಹದಿನಾಲ್ಕು ಕಾರುಗಳಲ್ಲಿ ಮೂರನ್ನು ಇಟ್ಟುಕೊಳ್ಳಿ: ಮೈನರ್, ಡಿಎಸ್, ಇನ್ನೊಂದು ನಿಮ್ಮ ಆಯ್ಕೆ. ಪ್ರತಿಯೊಂದರ ಹತ್ತಿರ ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ವಾರ ಮತ್ತೆ ಹೋಗಿ. ಏನು ಬದಲಾಗಿದೆ, ಏನು ಆಗಿಲ್ಲ ಬರೆದುಕೊಳ್ಳಿ. ಒಬ್ಬ ಮಾಲೀಕರನ್ನಾದರೂ ಮಾತಾಡಿಸಿ. ಟ್ರಾವೆಲರ್‌ನ ಮಾಲೀಕರು ಸಿಕ್ಕರೆ, ಲೇಖನಕ್ಕೆ ಮುಂಚೆ ಆ ಪಾಚಿಯ ವಿಷಯ ಅವರಿಗೆ ಹೇಳಿ. ಸಾವಿರ ಪದ, ಐದು ಚಿತ್ರ ಸಾಕು. ಚಿತ್ರಗಳನ್ನು ಮೂಲ ಗಾತ್ರದಲ್ಲೇ ಕಳಿಸಿ, ಪ್ರತಿಯೊಂದಕ್ಕೂ ಒಂದು ಸಾಲಿನ ವಿವರ ಇರಲಿ. ಆತುರ ಬೇಡ. ನಿಮ್ಮ ಲೇಖನಕ್ಕೆ ಜಾಗ ಇಟ್ಟಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ