ಕಾಂಡಕ್ಕೆ ಸಮ ಕತ್ತರಿಸಿದ ಅಡ್ಡರೆಂಬೆ ಮತ್ತೆ ಬರುತ್ತದೆಯೇ?

ಪ್ರಶ್ನೆ: ಸೋಮವಾರಪೇಟೆ ಬಳಿಯ ನಮ್ಮ ಅರೇಬಿಕಾ ಕಾಫಿ ತೋಟದಲ್ಲಿ ಕೊಯ್ಲಾದ ಮೇಲೆ ಕಪಾತಿಗೆ (ರೆಂಬೆ ಸವರಲು) ಬಂದ ಹೊಸ ಆಳುಗಳು ಒಳಗಿನ ಅಡ್ಡರೆಂಬೆಗಳನ್ನು ಕಾಂಡಕ್ಕೆ ಸಮನಾಗಿ ಕತ್ತರಿಸಿದ್ದಾರೆ. ಮಳೆ ಬಿದ್ದ ಮೇಲೆ ಬೋಳು ಕಾಂಡದ ತುಂಬ ಕಂಬಚಿಗುರು (ನೇರ ಮೇಲೇಳುವ ಚಿಗುರು) ಎದ್ದಿದೆ. ಯೂರಿಯಾ ಕೊಟ್ಟರೆ ರೆಂಬೆ ಬರುತ್ತದೆಯೇ, ಇಲ್ಲ ಬುಡ ಕಡಿಯಬೇಕೇ?

ಉತ್ತರ: ಬುಡ ಕಡಿಯಬೇಡಿ. ಕಡಿದರೆ ಎರಡು ವರ್ಷದ ಫಸಲು ಹೋಗುತ್ತದೆ. ಕಾಂಡ ಗಟ್ಟಿಯಿದ್ದು ಮೇಲಿನ ರೆಂಬೆಗಳು ಉಳಿದಿರುವಾಗ ಅಷ್ಟು ನಷ್ಟ ಏಕೆ?

ಆದರೆ ಹೋದ ರೆಂಬೆ ಅದೇ ಗಿಣ್ಣಿನಲ್ಲಿ ಮತ್ತೆ ಬರುವುದಿಲ್ಲ. ಕಾಫಿ ಕಾಂಡದ ಪ್ರತಿ ಎಲೆಬುಡದಲ್ಲಿ ಅಡ್ಡರೆಂಬೆ ಕೊಡುವ ಮೊಗ್ಗು ಒಂದೇ. ಉಳಿದವೆಲ್ಲ ನೇರ ಮೇಲೇಳುವ ಚಿಗುರನ್ನೇ ಕೊಡುತ್ತವೆ. ಎರಡು ಮೂರು ಗಿಣ್ಣುಳ್ಳ ತುಂಡು ಉಳಿಸಿದ್ದರೆ ಅದರಿಂದ ಉಪರೆಂಬೆ ಒಡೆಯುತ್ತಿತ್ತು. ಗಿಡದ ನಡು ಬಿಡಿಸುವಾಗ ಕಾಂಡದ ಸುತ್ತ ಆರು ಇಂಚಿನೊಳಗಿನ ಉಪರೆಂಬೆ, ಚಿಗುರುಗಳನ್ನು ಮಾತ್ರ ತೆಗೆಯಬೇಕು. ಮುಖ್ಯ ಅಡ್ಡರೆಂಬೆಯನ್ನು ಮುಟ್ಟುವಂತಿಲ್ಲ. ಮುಂದಿನ ಕಪಾತಿಗೆ ಮೊದಲು ಆಳುಗಳಿಗೆ ಒಂದು ಗಿಡ ಕತ್ತರಿಸಿ ತೋರಿಸಿ.

ಈಗ ದಾರಿ ಇರುವುದು ಆ ಕಂಬಚಿಗುರಿನಲ್ಲೇ. ನೆಲದಿಂದ ಒಂದಡಿಯೊಳಗೆ, ಬೋಳಾದ ಕಡೆ ಎದ್ದಿರುವ ಮೂರು ನಾಲ್ಕು ಗಟ್ಟಿ ಚಿಗುರು ಇಟ್ಟುಕೊಂಡು ಉಳಿದವನ್ನು ಎಳೆಯದಾಗಿರುವಾಗಲೇ ಕೈಯಲ್ಲಿ ಚಿವುಟಿ. ತಿಂಗಳು ಕಳೆದ ಮೇಲೆ ಅವುಗಳಲ್ಲಿ ಒಂದನ್ನೇ ಉಳಿಸಿ. ಅದು ಬೆಳೆಯುತ್ತ ಗಿಣ್ಣುಗಿಣ್ಣಿನಲ್ಲಿ ಹೊಸ ಅಡ್ಡರೆಂಬೆ ಕೊಡುತ್ತದೆ. ಹಳೆ ಗಿಡದ ಎತ್ತರ ಮುಟ್ಟಿದಾಗ ತುದಿ ಚಿವುಟಿ. ಹೂ ಬರುವುದು ಹಿಂದಿನ ಮಳೆಗಾಲದಲ್ಲಿ ಬೆಳೆದ ಕಡ್ಡಿಯಲ್ಲಿ. ಹಾಗಾಗಿ ಮೂರನೇ ವರ್ಷದ ಹೊತ್ತಿಗೆ ಈ ರೆಂಬೆಗಳಿಂದ ಒಳ್ಳೆ ಫಸಲು ನಿರೀಕ್ಷಿಸಿ.

ಯೂರಿಯಾ ಹೆಚ್ಚಿಸಬೇಡಿ, ಚಿಗುರು ಇನ್ನಷ್ಟು ಏಳುತ್ತದೆ ಅಷ್ಟೇ. ವಾಡಿಕೆಯ ಗೊಬ್ಬರ ಸಾಕು.

ನನಗೆ ಹೆಚ್ಚು ಚಿಂತೆ ಬಿಳಿ ಕಾಂಡಕೊರಕ ಎಂಬ ದುಂಬಿಯದ್ದು. ಬಿಸಿಲು ಬೀಳುವ ಕಾಂಡದ ತೊಗಟೆ ಬಿರುಕಿನಲ್ಲೇ ಅದು ಮೊಟ್ಟೆ ಇಡಲು ಇಷ್ಟಪಡುವುದು. ಈ ವರ್ಷ ಆ ಭಾಗದಲ್ಲಿ ನೆರಳುಮರಗಳ ಕಪಾತು ಹಗುರವಾಗಿರಲಿ, ಹಾಲುವಾಣ ಮರದ ನೆರಳು ಉಳಿಸಿ. ದುಂಬಿ ಹಾರುವುದು ಏಪ್ರಿಲ್‌ನಿಂದ ಜೂನ್, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್. ಆ ಹೊತ್ತಿನ ಆರಂಭದಲ್ಲೇ ಕಾಂಡದ ಸಡಿಲ ತೊಗಟೆಯನ್ನು ಗೋಣಿ ತುಂಡಿನಿಂದ ಉಜ್ಜಿ ತೆಗೆದು, 200 ಲೀಟರ್ ನೀರಿಗೆ 20 ಕೆ.ಜಿ. ಸುಣ್ಣ ಬೆರೆಸಿ ಸೋಸಿ ಕಾಂಡಕ್ಕೆ, ದಪ್ಪ ರೆಂಬೆಗೆ ಸಿಂಪಡಿಸಿ. ಹೆಬ್ಬೆರಳು ದಪ್ಪದ ಗಾಯಗಳಿಗೆ ಬೋರ್ಡೋ ಮುಲಾಮು ಹಚ್ಚಿ: ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 10 ಲೀಟರ್. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಬಕೆಟ್ ಬಳಸಿ.

ಪ್ರಶ್ನೆ: ಪೊನ್ನಂಪೇಟೆಯ ನಮ್ಮ ರೋಬಸ್ಟಾ ಕಾಫಿಯಲ್ಲಿ ಎಳೆ ರೆಂಬೆಗಳ ತುದಿ ಒಣಗುತ್ತಿದೆ. ತಪ್ಪು ಕಪಾತಿನಿಂದಲೇ?

ಉತ್ತರ: ಒಣಗಿದ ರೆಂಬೆಯ ಅಡಿಭಾಗ ತಿರುಗಿಸಿ ನೋಡಿ. ಗುಂಡುಸೂಜಿ ತಲೆಯಷ್ಟು ತೂತಿದ್ದರೆ ಅದು ರೆಂಬೆ ಕೊರಕ. ತೂತಿನಿಂದ ಕಾಂಡದ ಕಡೆಗೆ ಎರಡು ಮೂರು ಇಂಚು ಬಿಟ್ಟು ಕತ್ತರಿಸಿ, ಅಂದೇ ಸುಡಿ. ಗಿಡದ ಬುಡದಲ್ಲಿ ಬಿಟ್ಟರೆ ಹುಳು ಹೊರಬಂದು ಪಕ್ಕದ ರೆಂಬೆ ಸೇರುತ್ತದೆ. ಬೇಡದ ಕಂಬಚಿಗುರನ್ನೂ ತೆಗೆಯಿರಿ, ಅದರಲ್ಲೂ ಅದು ಸಂಸಾರ ಹೂಡುತ್ತದೆ.