ಮೀನಿನ ಮರಿಗಳಿಗೆ ಹಾಕುವ ಆರ್ಟೀಮಿಯಾ ಸಿಗಡಿಯನ್ನು ಕಲಬುರಗಿಯ ಬಿಸಿಲಲ್ಲಿ ಮನೆಯಲ್ಲೇ ಸಾಕಬಹುದಾ?

ಖಂಡಿತ ಸಾಕಬಹುದು. ಮೊಟ್ಟೆ ಒಡೆಸುವುದು ಸುಲಭ, ಮರಿಗಳನ್ನು ದೊಡ್ಡದು ಮಾಡುವುದೇ ಕಷ್ಟ. ಏಪ್ರಿಲ್, ಮೇ ಬಿಟ್ಟು ಶುರು ಮಾಡಿ.

ಒಂದು ಲೀಟರ್ ನೀರಿಗೆ 25ರಿಂದ 30 ಗ್ರಾಂ ಹರಳುಪ್ಪು ಕರಗಿಸಿ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಡಿ. ಆ ಉಪ್ಪುನೀರಿಗೆ ಆರ್ಟೀಮಿಯಾ ಮೊಟ್ಟೆ ಹಾಕಿ. ಏರ್ ಪಂಪ್‌ನಿಂದ ಗುಳ್ಳೆ ಬರುತ್ತಿರಲಿ, ಮೇಲೊಂದು ಬಲ್ಬ್ ಉರಿಯಲಿ. 26-28 ಡಿಗ್ರಿಯಲ್ಲಿ ಸುಮಾರು 24 ಗಂಟೆಗೆ ಕಿತ್ತಳೆ ಬಣ್ಣದ ಮರಿಗಳು ಬರುತ್ತವೆ. ಗುಳ್ಳೆ ನಿಲ್ಲಿಸಿ ಪಕ್ಕದಿಂದ ಟಾರ್ಚ್ ಹಿಡಿದರೆ ಎಲ್ಲ ಬೆಳಕಿನತ್ತ ಗುಂಪು ಕಟ್ಟುತ್ತವೆ, ನೋಡೋಕೇ ಚೆಂದ! ಅಲ್ಲಿಂದ ಸಣ್ಣ ಪೈಪಿನಲ್ಲಿ ಎಳೆದು, ಅಷ್ಟೇ ಉಪ್ಪಿರುವ ಅಗಲವಾದ ಟಬ್‌ಗೆ ಬಿಡಿ.

ಜಾಸ್ತಿ ಜನ ಸೋಲುವುದು ಆಹಾರದಲ್ಲಿ. ಆಗಷ್ಟೇ ಹುಟ್ಟಿದ ಮರಿ ತಿನ್ನುವುದಿಲ್ಲ, ಸುಮ್ನೆ ಏನೂ ಹಾಕಬೇಡಿ. ಮರುದಿನದಿಂದ ಚಿಟಿಕೆ ಸ್ಪಿರುಲಿನಾ ಎಂಬ ಪಾಚಿಯ ಪುಡಿ ಕದಡಿ ಹಾಕಿ. ನೀರು ತುಸು ಮಬ್ಬಾದರೆ ಸಾಕು. ಅದು ತಿಳಿಯಾದ ಮೇಲೇ ಮುಂದಿನ ಊಟ.

ನಮ್ಮ ಕಡೆ ಹವೆ ಒಣ, ನೀರು ಬೇಗ ಆವಿಯಾಗುತ್ತದೆ. ಆದರೆ ಉಪ್ಪು ಅಲ್ಲೇ ಉಳಿಯುತ್ತದೆ ಅಲ್ವಾ? ಅದಕ್ಕೇ ಟಬ್‌ಗೆ ಗೆರೆ ಹಾಕಿಕೊಂಡು, ಇಳಿದಷ್ಟು ಸಿಹಿನೀರನ್ನೇ ತುಂಬಿಸಿ. ಸೆಕೆ ಏರಿದಾಗ ನೆರಳಿನ ಕೋಣೆಯಲ್ಲಿ, ಶಹಾಬಾದ್ ಕಲ್ಲಿನ ನೆಲದ ಮೇಲಿಟ್ಟು ಒದ್ದೆ ಬಟ್ಟೆ ಸುತ್ತಿ.

ಎರಡು ಮೂರು ವಾರಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆದು, ಅಂಗಾತ ಈಜುತ್ತಿರುತ್ತವೆ. ನೀರು ಚೆನ್ನಾಗಿದ್ದರೆ ಹೆಣ್ಣು ನೇರ ಮರಿಗಳನ್ನೇ ಹಾಕುತ್ತದೆ. ಟಬ್ಬಿನ ಅಂಚಿಗೆ ಕಂದು ಪುಡಿಯಂಥ ಮೊಟ್ಟೆ ಅಂಟಿದ್ದರೆ ಉಪ್ಪು ಏರಿರಬಹುದು, ಗಾಳಿ ಸಾಲದೆ ಇರಬಹುದು. ಮೊದಲು ಅವೆರಡನ್ನು ನೋಡಿ.